ಮುಂದಿನವನು ಯಾರು?

ಮೊನ್ನೆ ಬೆಳಿಗ್ಗೆ ಚೆನ್ನೈಯ ಶೋಳಿಂಗನಲ್ಲೂರಿನ ಸಿಗ್ನಲ್ಲಿನಲ್ಲಿ ನಾನು ಕಾವಲಿಗೆ ಕೂರುವ ಆಫೀಸ್ ಕ್ಯಾಬಿನ ಮುಂದೆ ಒಂದು ಹಳೆಯ ಸ್ಕೂಟರು ನಿಂತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಕಾಲದ್ದು. ಇನ್ನೂ ಹೇಗೆ ಜೀವ ಹಿಡಿದುಕೊಂಡಿದೆಯೋ. ಹಸಿರು ದೀಪ ಬಿದ್ದೊಡನೆ ಎರಡು ಸಲ ಕೆಮ್ಮಿ, ನಮ್ಮ ಮುಖಕ್ಕೆ ನೀಲಿ ಹೊಗೆ ಬಿಟ್ಟು ಹೊರಟುಹೋಯಿತು. ಹಿಂದೆ ಕೂತಿದ್ದ ಹುಡುಗಿಯರು "ಅಂಕಲ್, ಗ್ಲಾಸ್ ಏತ್ತುಂಗ!" ಎಂದು ಕೂಗಿದರು. ನಾನು ಗಾಜು ಏರಿಸಲಿಲ್ಲ. ಏರಿಸಲು ಆಗಲಿಲ್ಲ ಎನ್ನುವುದೇ ಸರಿ. ಎರಡು ಕೈಯೂ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

ನಿಮಗೂ ಹೀಗಾಗುತ್ತದಲ್ಲವೇ? ಮನಸ್ಸಿಗಿಂತ ಮೊದಲು ಮೂಗಿಗೆ ನೆನಪು ಬರುತ್ತದೆ. ನನಗೆ ಅದು ಸ್ಕೂಟರಿನ ವಾಸನೆಯಲ್ಲ. ರಬ್ಬರ್ ದೋಣಿಯ ಹಿಂದೆ ಕಟ್ಟುವ ಮೋಟಾರಿನ ವಾಸನೆ.

ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದೆ ಎಂದರೆ ಆ ಹುಡುಗಿಯರು ಕಣ್ಣರಳಿಸುತ್ತಾರೆ. ಎಷ್ಟು ಶತ್ರುಗಳನ್ನು ಹೊಡೆದಿರಿ ಎಂದು ಕೇಳುತ್ತಾರೆ. ನಾನು ಹೊಡೆದದ್ದೆಲ್ಲ ಟೈಪ್‌ರೈಟರಿನ ಕೀಲಿಗಳನ್ನು, ಅದೂ ಎರಡು ಬೆರಳಿನಲ್ಲಿ. ಮಳವಳ್ಳಿಯ ಕಡೆಯವನು, ಅಕ್ಷರ ದುಂಡಗಿತ್ತು, ಗುಮಾಸ್ತನನ್ನಾಗಿ ತೆಗೆದುಕೊಂಡರು. ಹವಾಲ್ದಾರನವರೆಗೆ ಏರಿದೆ. ಸೈನ್ಯದಲ್ಲಿ ಗುಮಾಸ್ತನನ್ನು ಎಲ್ಲರೂ 'ಬಾಬು' ಎನ್ನುತ್ತಾರೆ. ನನಗೆ ಬೇರೊಂದು ಹೆಸರಿದೆ ಎಂಬುದು ನನ್ನ ರಜೆ ಅರ್ಜಿಯಲ್ಲಿ ಮಾತ್ರ ಕಾಣುತ್ತಿತ್ತು, ಆ ಅರ್ಜಿಯನ್ನು ಬರೆಯುತ್ತಿದ್ದವನೂ ನಾನೇ.

ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ, ಎರಡು ಸಾವಿರದ ಇಸವಿ ಕಳೆದ ಮೇಲೆ ಇನ್ನೊಮ್ಮೆ ಚೆನ್ನೈಗೆ ವರ್ಗವಾಗಿ ಬಂದೆ. ಎರಡನೆಯ ಸಲ ಬಂದಾಗ ಮಗಳು ಶಾಲೆಗೆ ಹೋಗುತ್ತಿದ್ದಳು. ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರುತ್ತರ ಕೊಡುತ್ತಿದ್ದಳು. ನಮ್ಮದು ಸೈನ್ಯದ ಎಂಜಿನಿಯರ್ ಕಂಪನಿ. ಸೇತುವೆ ಕಟ್ಟುವುದು, ದೋಣಿ ನಡೆಸುವುದು ನಮ್ಮ ಕೆಲಸ. ಅಲ್ಲ, ಅವರ ಕೆಲಸ. ನನ್ನದು ಅವರು ಕಟ್ಟಿದರೆಂದು ಬರೆಯುವುದು.

ಈ ಸುಖದ ಏರ್ಪಾಟನ್ನು ಕೆಡಿಸಿದವರು ಮೇಜರ್ ಶ್ರೀಧರನ್. ಚೆನ್ನೈಯ ತಿರುವಲ್ಲಿಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದ ಕನ್ನಡ ಮಾಧ್ವರ ಮನೆಯವರು. ಮೈದಾನದಲ್ಲಿ ಹಿಂದಿ, ಕೋಪ ಬಂದರೆ ಇಂಗ್ಲಿಷು, ನನ್ನೊಬ್ಬನ ಜೊತೆಗೆ ಕನ್ನಡ. ಆ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು. ಅವರನ್ನು ಕಂಡರೆ ಇಡೀ ಕಂಪನಿ ಹೆದರುತ್ತಿದ್ದದ್ದು ಅವರ ಬಲಗೈಯ ಅಂಗೈಗೆ.

ಅಭ್ಯಾಸ ನಡೆಯುತ್ತಿರುವಾಗ ಸುಮ್ಮನೆ ಬಂದು ಒಬ್ಬನ ಟೋಪಿಯ ಮೇಲೆ ಅಂಗೈ ಇಡುತ್ತಿದ್ದರು. ಇಟ್ಟರೆಂದರೆ ಅವನು ಸತ್ತ. ಅಲ್ಲೇ ಮಲಗಬೇಕು, ಬಾಯಿ ಬಿಡಕೂಡದು. ಆಮೇಲೆ ಸುತ್ತ ನೋಡಿ ಒಂದೇ ಪ್ರಶ್ನೆ: "ಮುಂದಿನವನು ಯಾರು?" ಸತ್ತವನ ಕೆಳಗಿನ ದರ್ಜೆಯವನು ಮುಂದೆ ಬಂದು ಕೆಲಸ ನಡೆಸಬೇಕು. ಸ್ವಲ್ಪ ಹೊತ್ತಿಗೆ ಅವನ ತಲೆಯ ಮೇಲೂ ಅಂಗೈ. ಹೀಗೆ ಸುಬೇದಾರನಿಂದ ಶುರುವಾಗಿ ಕೊನೆಯ ಸಿಪಾಯಿಯವರೆಗೆ ಇಳಿಯುತ್ತಿತ್ತು.

ಗುಮಾಸ್ತರನ್ನೂ ಅಡುಗೆಯವರನ್ನೂ ಇಂಥದ್ದರಿಂದ ಬಿಡುವುದು ವಾಡಿಕೆ. ನಾನು ಆ ವಾಡಿಕೆಯ ನೆರಳಲ್ಲಿ ಫೈಲು ಹಿಡಿದು ನಿಂತು ಮಜಾ ನೋಡುತ್ತಿದ್ದೆ. ತಾಂಬರಂ ಆಚೆಯ ಕೆರೆಯೊಂದರಲ್ಲಿ ದೋಣಿಯ ಅಭ್ಯಾಸ ನಡೆದ ದಿನ ದಂಡೆಯ ಮೇಲೆ ನಾಲ್ಕು ಜನ ಸತ್ತು ಮಲಗಿದ್ದರು. ಮೇಜರು ಸೀದಾ ನನ್ನ ಹತ್ತಿರ ಬಂದು, ಕಂಕುಳಲ್ಲಿದ್ದ ಫೈಲು ತೆಗೆದುಕೊಂಡರು.

"ಬಾಬು, ಇನ್ಮೇಲೆ ನೀನೇ. ಆ ದೋಣಿ ಆಚೆ ದಡಕ್ಕೆ ಹೋಗ್ಬೇಕು. ಶರಿಯಾ?"

ದೋಣಿ ನೀರಿನಲ್ಲಿ ತೊನೆಯುತ್ತಿತ್ತು. ಹಗ್ಗ ಹಿಡಿದವರು, ಹುಟ್ಟು ಹಿಡಿದವರು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದು ಅಕ್ಷರವಿಲ್ಲ. ಕೊನೆಗೆ ಹೊರಬಂದದ್ದು ಒಂದೇ ಮಾತು, ಅದೂ ಕನ್ನಡದಲ್ಲಿ: "ಹೋಗೋಣ್ವಾ?"

ಎಲ್ಲರೂ ನಕ್ಕರು. ಸತ್ತವರೂ ನಕ್ಕರು.

ಆ ಮಧ್ಯಾಹ್ನ ಮೇಜರು ಆಫೀಸಿಗೆ ಕರೆದರು. ನಾನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. "ಸರ್, ನಾನು ಕಾಗದದ ಕೆಲಸದವನು."

"ನಿಂಗೆ ಏನ್ ಮಾಡ್ಬೇಕು ಅಂತ ಗೊತ್ತಿಲ್ಲ, ತೆರಿಯಲ್ಲ. ಅದು ತಪ್ಪಿಲ್ಲೆ ಬಾಬು. ತೆರಿದವನು ಯಾರಪ್ಪಾ ಅಂತ ನೀನು ಕೇಳಲಿಲ್ಲ ನೋಡು, ಅದುತಾನ್ ತಪ್ಪು" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಒಂದಿನ ನಿಜವಾಗ್ಲೂ ಎಲ್ಲಾರೂ ಬಿದ್ದುಹೋದ್ರೆ, ಪಾಪಂ, ಇವನು ಕಾಗದದವನು ಅಂತ ನೀರು ನಿನ್ನ ಬಿಟ್ಟುಬಿಡತ್ತಾ?" ಎಂದರು.

ಅವರಿಗೆ ಇನ್ನೊಂದು ಹುಚ್ಚಿತ್ತು. ಅಭ್ಯಾಸ ಮುಗಿದ ಮೇಲೆ ಎಲ್ಲರನ್ನೂ ಸುತ್ತ ಕೂರಿಸಿ, ಏನು ಸರಿ, ಏನು ತಪ್ಪು ಎಂದು ಕೇಳುತ್ತಿದ್ದರು. ಮೊದಲು ಮಾತಾಡಬೇಕಾದವನು ಎಲ್ಲರಿಗಿಂತ ಕೆಳಗಿನವನು. ದೊಡ್ಡವನು ಮೊದಲು ಬಾಯಿ ತೆಗೆದರೆ ಚಿಕ್ಕವನು ತೆಗೆಯುವುದೇ ಇಲ್ಲ ಎಂಬುದು ಅವರ ವಾದ. ನಮ್ಮಲ್ಲಿ ಎಲ್ಲರಿಗಿಂತ ಕೆಳಗಿನವನು ಕೊಳ್ಳೇಗಾಲದ ಹತ್ತಿರದ ಹಳ್ಳಿಯ ಸಿಪಾಯಿ ಮಹದೇವ. ಇಪ್ಪತ್ತು ವರ್ಷ, ಅಗಲವಾದ ಭುಜ, ಹಿಂದಿ ನೆಟ್ಟಗೆ ಬಾರದು. ಆ ದಿನ ಎದ್ದು ನಿಂತು, ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದ: "ಅನ್ನ ಬೆಂದಿರ್ಲಿಲ್ಲ ಸಾರ್. ಹೊಟ್ಟೆ ನೋಯ್ತಿತ್ತು. ಅದ್ಕೇ ಹಗ್ಗ ಎಳಿಯಕ್ಕಾಗ್ನಿಲ್ಲ."

ಅಡುಗೆಯ ಪಳನಿ ಅವನನ್ನು ಸುಡುವಂತೆ ನೋಡಿದ. ಮೇಜರು ನಗಲಿಲ್ಲ. ಯಾಕೆ ಬೇಯಲಿಲ್ಲ ಎಂದು ಪಳನಿಯನ್ನು ಕೇಳಿದರು. ಒಲೆಯ ಬರ್ನರು ಕಟ್ಟಿಕೊಂಡು ವಾರವಾಗಿತ್ತು, ಯಾರಿಗೆ ಹೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ. ಮರುದಿನ ಹೊಸ ಬರ್ನರು ಬಂತು. ಅದೇ ವಾರ ಪಳನಿಯೂ ದೋಣಿ ಹತ್ತಬೇಕೆಂದು ಆಜ್ಞೆಯಾಯಿತು. ಅವನು ಕಡಲೂರಿನ ಕಡೆಯ ಮೀನುಗಾರರ ಮಗ ಎಂಬುದು ಆಗಲೇ ನಮಗೆಲ್ಲ ತಿಳಿದದ್ದು. ಮೋಟಾರನ್ನು ಅವನು ಹಸುವಿನ ಹಗ್ಗ ಹಿಡಿದಂತೆ ಹಿಡಿಯುತ್ತಿದ್ದ.

ಇದೆಲ್ಲ ಹಿಡಿಸದವರು ನಮ್ಮ ನಾಯಬ್ ಸುಬೇದಾರ್ ತಂಗರಾಜ್. "ಎಲ್ಲಾರುಂ ತಲೈವರ್ ಆನಾ ವೆಂಗಾಯಂ ಯಾರ್ ನರುಕ್ಕರದು?" ಎಂದು ಗೊಣಗುತ್ತಿದ್ದರು. ಎಲ್ಲರೂ ನಾಯಕರಾದರೆ ಈರುಳ್ಳಿ ಹೆಚ್ಚುವವರು ಯಾರು ಎಂದು. ನಾನು ಒಳಗೊಳಗೇ ಹೌದೆನ್ನುತ್ತಿದ್ದೆ.

ಆ ವರ್ಷ ಐಪಸಿಯ, ಅಂದರೆ ದೀಪಾವಳಿಯ ಹೊತ್ತಿನ, ಮಳೆ ಹಿಡಿದದ್ದು ಬಿಡಲೇ ಇಲ್ಲ. ಮೇಲಿನ ಕೆರೆಗಳೆಲ್ಲ ಕೋಡಿ ಬಿದ್ದು, ಅಡ್ಯಾರ್ ನದಿ ಗಿಂಡಿಯಿಂದಾಚೆಗೆ ಬಡಾವಣೆಗಳೊಳಗೆ ನುಗ್ಗಿತು. ಬೆಳಗಿನ ಚಹಾ ಕುಡಿಯುವಾಗ ನಮಗೆ ಕರೆ ಬಂತು. ಒಂದೊಂದು ದೋಣಿಯನ್ನು ಒಂದೊಂದು ಕಡೆಗೆ ಕಳಿಸಿದರು. ನಮ್ಮ ದೋಣಿಯಲ್ಲಿ ನಾಲ್ವರು: ಮುಂದಾಳು ತಂಗರಾಜ್, ಮೋಟಾರಿಗೆ ಪಳನಿ, ಹಗ್ಗಕ್ಕೆ ಮಹದೇವ, ಮತ್ತು ಬಿಡಿಸಿ ತಂದವರ ಹೆಸರು ಬರೆಯಲು ನಾನು. ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ, ಪೆನ್ಸಿಲು. ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ ಎಂದು ಯೋಚಿಸಿ ಪೆನ್ಸಿಲು ತಂದಿದ್ದಕ್ಕೆ ಹೆಮ್ಮೆಪಟ್ಟುಕೊಂಡಿದ್ದೆ.

ಬೀದಿ ಎಲ್ಲಿ, ಕಾಂಪೌಂಡು ಎಲ್ಲಿ ಗೊತ್ತಾಗುತ್ತಿರಲಿಲ್ಲ. ಕೆಂಪು ನೀರಿನಲ್ಲಿ ಗ್ಯಾಸ್ ಸಿಲಿಂಡರುಗಳು, ಚಪ್ಪಲಿ, ಸತ್ತ ಹಂದಿ. ದೋಣಿ ಒಂದು ಕಡೆ ಸಿಕ್ಕಿಕೊಂಡಿತೆಂದು ತಂಗರಾಜ್ ಸಾಬ್ ಸೊಂಟದವರೆಗಿನ ನೀರಿಗೆ ಇಳಿದು ತಳ್ಳಿದರು. ಒಂದು ಕೂಗು ಕೇಳಿತು. ಮುಳುಗಿದ್ದ ಗೇಟಿನ ಕಬ್ಬಿಣದ ಮೊನೆ ಅವರ ತೊಡೆಗೆ ಇಳಿದಿತ್ತು. ಎತ್ತಿ ಹಾಕಿಕೊಳ್ಳುವಷ್ಟರಲ್ಲಿ ದೋಣಿಯ ತಳದ ನೀರೆಲ್ಲ ಕೆಂಪು. ಅವರ ಕೊರಳಿನಲ್ಲಿದ್ದ ವೈರ್‌ಲೆಸ್ ಸೆಟ್ಟು ಮುಳುಗಿ ಸತ್ತಿತ್ತು. ಅಷ್ಟರಲ್ಲಿ ಮೀನುಗಾರರ ದೋಣಿಯೊಂದು ಜನರನ್ನು ತುಂಬಿಕೊಂಡು ವಾಪಸು ಹೊರಟಿತ್ತು. ಮಹದೇವನ ಸೊಂಟದ ಬೆಲ್ಟಿನಿಂದ ತೊಡೆ ಬಿಗಿದು ಸಾಬರನ್ನು ಅದಕ್ಕೆ ದಾಟಿಸಿದೆವು. ಅವರ ತುಟಿ ಬಿಳಿಚಿತ್ತು. "ಬಾಬು, ನೀ ಪಾತ್ತುಕ್ಕೋ" ಎಂದರು. ನೀನು ನೋಡಿಕೋ.

ಮೀನುಗಾರರ ದೋಣಿ ಹೋಯಿತು. ನಾನು ಪಳನಿಯ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಟೋಪಿಯ ಮೇಲೆ ಅಂಗೈ ಇಡಲು ಅಲ್ಲಿ ಯಾರೂ ಇರಲಿಲ್ಲ, ಇಡುವ ಅಗತ್ಯವೂ ಇರಲಿಲ್ಲ.

ಎದುರಿಗೆ ಎರಡು ಅಂತಸ್ತಿನ ಹಳೆಯ ಮನೆಯ ತಾರಸಿಯ ಮೇಲೆ ಜನ ಸೀರೆ ಬೀಸಿ ಕೂಗುತ್ತಿದ್ದರು. ನಮಗೂ ಅವರಿಗೂ ನಡುವೆ ಅಡ್ಡಬೀದಿ, ಅದರಲ್ಲಿ ನೀರು ಕಾಲುವೆಯಂತೆ ರಭಸದಿಂದ ಹರಿಯುತ್ತಿತ್ತು. ಮತ್ತೆ ಅದೇ ಕೆರೆಯ ದಂಡೆ, ಅದೇ ಖಾಲಿ ತಲೆ. ಕಷ್ಟಪಟ್ಟು, "ನೇರ ಹೋಗು" ಎಂದೆ.

ಪಳನಿ ಕದಲಲಿಲ್ಲ. "ಸಾರ್, ನೇರಾ ಪೋನಾ ಪುರಟ್ಟಿಡುಂ." ನೇರ ಹೋದರೆ ಮಗುಚಿ ಹಾಕುತ್ತದೆ.

"ಮತ್ತೆ ಏನು ಮಾಡಬೇಕು?" ಎಂದೆ. ಅಷ್ಟೇ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕೆಳಗಿನವನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಮೇಲಕ್ಕೆ ಹೋಗಿ ಹರಿವಿನ ಜೊತೆ ಜಾರಿಕೊಂಡು ಇಳಿಯಬೇಕು ಎಂದು ಅವನು ಕೈಯಲ್ಲಿ ತೋರಿಸಿದ. ಹಾಗೇ ಮಾಡು ಎಂದೆ. ದೋಣಿ ಓರೆಯಾಗಿ ಇಳಿಯಿತು. ಮಹದೇವ ಮೊದಲ ಮಹಡಿಯ ಬಾಲ್ಕನಿಯ ಕಂಬಿಗೆ ಹಗ್ಗ ಎಸೆದ. ಮೊದಲ ಎಸೆತಕ್ಕೇ ಸಿಕ್ಕಿತು.

ತಾರಸಿಯಲ್ಲಿ ಹದಿನಾರು ಜನ. ದೋಣಿಗೆ ನಮ್ಮನ್ನು ಬಿಟ್ಟರೆ ಏಳು ಜನಕ್ಕಿಂತ ಹೆಚ್ಚು ಹಿಡಿಸದು. ತುಂಬು ಬಸುರಿ ಒಬ್ಬಳು, ಮಕ್ಕಳು, ಅವರ ತಾಯಂದಿರು ಏಳಾಯಿತು. ಉಳಿದ ಒಂಬತ್ತು ಜನರಲ್ಲಿ ಹಾಸಿಗೆ ಹಿಡಿದು ಮಂಚದ ಮೇಲೇ ಇದ್ದ ಒಬ್ಬ ಮುದುಕರು, ಅವರ ಹೆಂಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಒಬ್ಬ ದಪ್ಪ ಗಂಡಸು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬರುತ್ತಿದ್ದ. ಯೂನಿಫಾರ್ಮು ತೊಟ್ಟವರೆಲ್ಲ ಹೊರಟುಹೋದರೆ ಇವರಲ್ಲಿ ಯಾರಾದರೂ ನೀರಿಗೆ ಹಾರುವುದು ಖಂಡಿತ ಎನಿಸಿತು. ಒಬ್ಬರು ಉಳಿಯಬೇಕು. ದೋಣಿಗೆ ಪಳನಿ ಬೇಕೇ ಬೇಕು. ನಾನು ಉಳಿಯಬಹುದಿತ್ತು. ಆದರೆ ಆ ಮಂಚವನ್ನು ಎತ್ತುವ ಶಕ್ತಿ ನನ್ನ ತೋಳಿನಲ್ಲಿರಲಿಲ್ಲ. ಇದು ನಿಜವಾದ ಕಾರಣವೋ, ನನಗೆ ನಾನೇ ಹೇಳಿಕೊಂಡದ್ದೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

"ಮಹದೇವ, ಇಲ್ಲಿ ನೀನೇ. ಅರ್ಧ ಗಂಟೆಯಲ್ಲಿ ಬರ್ತೀವಿ."

"ಆಯ್ತು ಸಾರ್, ನಾನ್ ನೋಡ್ಕತೀನಿ. ನೀವ್ ಹೊಂಡಿ" ಎಂದ.

ಅರ್ಧ ಗಂಟೆ ಎಂದೆ. ದಡಕ್ಕೆ, ಅಂದರೆ ಮೇಲ್ಸೇತುವೆಯ ಇಳಿಜಾರಿಗೆ ತಲುಪುವಾಗ ಯಾವುದೋ ತಗಡು ದೋಣಿಯ ಪಕ್ಕೆಯನ್ನು ಸೀಳಿತು. ಏಳು ಜನರೇನೋ ಕ್ಷೇಮವಾಗಿ ಇಳಿದರು. ದೋಣಿ ಮಾತ್ರ ಹಳೆಯ ದಿಂಬಿನಂತೆ ಕುಸಿಯಿತು. ತೇಪೆ ಹಾಕಿದರೆ ಮಳೆಯಲ್ಲಿ ಅಂಟು ಹಿಡಿಯದು. ಪಳನಿ ಒಂದು ಟಾರ್ಪಾಲು ಹಿಡಿಸಿ, ರಬ್ಬರನ್ನು ಒರೆಸಿ ಒರೆಸಿ ಮತ್ತೆ ಅಂಟಿಸುತ್ತಿದ್ದ. ಬೇರೆ ದೋಣಿಗಳೆಲ್ಲ ಎಲ್ಲೆಲ್ಲೋ ಹೋಗಿದ್ದವು. ಎದುರಿನ ದೀಪದ ಕಂಬಕ್ಕೆ ಯಾವುದೋ ಟ್ಯೂಷನ್ನಿನ ಜಾಹೀರಾತು ಅಂಟಿಸಿದ್ದರು. ಅದರ ಕೊನೆಯ ಸಾಲು ಮುಳುಗಿತು. ಆಮೇಲೆ ಅದರ ಮೇಲಿನ ಸಾಲು.

ಅಲ್ಲಿದ್ದ ಪೊಲೀಸರ ವೈರ್‌ಲೆಸ್ಸಿನಲ್ಲಿ ಮೇಜರನ್ನು ಹಿಡಿದೆ. ಅವರು ನದಿಯ ಇನ್ನೊಂದು ದಂಡೆಯಲ್ಲಿದ್ದರು. ಏನೇನಾಯಿತೆಂದು ತೊದಲಿದೆ.

"ತಾರಸಿ ಮೇಲೆ ಯಾರಿದಾರೆ?"

"ಮಹದೇವ, ಸರ್. ಒಬ್ಬನೇ ಸರ್."

"ಶರಿ. ಮಹದೇವ ಇದಾನಲ್ಲ. ನೀನು ದೋಣಿ ನೋಡು."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷದವನು, ಭಾಷೆ ಬಾರದವನು, ಒಂಬತ್ತು ಜೀವ. ಈ ಮನುಷ್ಯನಿಗೆ ಅದೂ ಒಂದು ಅಭ್ಯಾಸದ ಆಟವೇ? ಮೈಕು ಕೆಳಗಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಮಳವಳ್ಳಿಯ ಕನ್ನಡದಲ್ಲಿ ಬೈದೆ. ಪೊಲೀಸಿನವನು ನಾನು ದೇವರ ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ಸುಮ್ಮನೆ ಪಕ್ಕಕ್ಕೆ ಸರಿದ.

ತೇಪೆ ಹಿಡಿದು ಮತ್ತೆ ಹೊರಟಾಗ ಎರಡು ಗಂಟೆಗಿಂತ ಹೆಚ್ಚಾಗಿತ್ತು. ಅಡ್ಡಬೀದಿ ತಿರುಗಿದೊಡನೆ ಪಳನಿ "ಮುರುಗಾ" ಎಂದ. ಮನೆಯ ಮೆಟ್ಟಿಲ ಕೋಣೆ ಕುಸಿದು, ತಾರಸಿಯ ಅರ್ಧ ಗೋಡೆಯನ್ನೂ ಎಳೆದುಕೊಂಡು ನೀರಿಗೆ ಬಿದ್ದಿತ್ತು. ಉಳಿದ ತಾರಸಿ ಖಾಲಿ. ಒಂದು ಹಸಿರು ಸೀರೆ ಕಂಬಿಗೆ ಸಿಕ್ಕಿ ಪಟಪಟ ಬಡಿದುಕೊಳ್ಳುತ್ತಿತ್ತು.

ಓದುಗರೇ, ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಇದನ್ನು ಹೇಗೆ ಬರೆಯುವುದು ಎಂದು ಬಂತು. ವರದಿಯ ಮೊದಲ ಸಾಲು ಇಂಗ್ಲಿಷಿನಲ್ಲಿ, ಎಲ್ಲ ಅಲ್ಪವಿರಾಮಗಳ ಸಮೇತ ಬಂದು ಕಣ್ಣ ಮುಂದೆ ನಿಂತಿತು. ಗುಮಾಸ್ತನ ಬುದ್ಧಿ.

ಆಗ ಕೇಳಿತು, ಒಬ್ಬ ಹೆಂಗಸಿನ ಖಣಖಣ ಧ್ವನಿ. ಬೆನ್ನಿಗೇ ಒಬ್ಬೊಬ್ಬರಾಗಿ ಕೂಗುತ್ತಿದ್ದರು: "ಒಣ್ಣು! ರೆಂಡು! ಮೂಣು!" ಪಕ್ಕದ ಮನೆಯ ತಾರಸಿಯ ನೀರಿನ ಟ್ಯಾಂಕಿನ ಹಿಂದಿನಿಂದ. ನಾನು ಬೆರಳು ಮಡಿಚಿದೆ. ಆರು, ಏಳು, ಎಂಟು. "ಒಂಬದು!" ಎಂದಿತು ನಡುಗುವ ಒಂದು ಮುದಿ ಧ್ವನಿ. ಮಡಿಚಲು ಇನ್ನೊಂದು ಬೆರಳು ಉಳಿದಿತ್ತು.

"ಹತ್ತು ಸಾರ್!"

ಅಷ್ಟು ಚೆಂದದ ಕನ್ನಡ ಪದವನ್ನು ಚೆನ್ನೈಯಲ್ಲಿ ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ನಾವು ಹೋದ ಸ್ವಲ್ಪ ಹೊತ್ತಿಗೆ ಮಹದೇವನಿಗೆ ಮೆಟ್ಟಿಲ ಕೋಣೆಯ ಗೋಡೆಯಲ್ಲಿ ಬಿರುಕು ಕಂಡಿತಂತೆ. ಅವನಪ್ಪ ಊರಿನಲ್ಲಿ ಗೋಡೆ ಕಟ್ಟುವ ಕೆಲಸದವನು. ಬಿರುಕಿನ ದಾರಿ ನೋಡಿಯೇ ಅದು ನಿಲ್ಲುವುದಿಲ್ಲ ಎಂದು ತಿಳಿಯಿತು. ಪಕ್ಕದ ತಾರಸಿಗೆ ನಾಲ್ಕೈದು ಅಡಿ ಸಂದು. ಮೊದಲ ಮಹಡಿಗೆ ಇಳಿದು ಎರಡು ಬಾಗಿಲು ಕಿತ್ತು ತಂದು, ಒಂದರ ಮೇಲೊಂದಿಟ್ಟು ಹಗ್ಗದಿಂದ ಬಿಗಿದು ಸಂದಿಗೆ ಹಾಸಿದ. ಎಲ್ಲರನ್ನೂ ತಳ್ಳುತ್ತಿದ್ದ ಆ ದಪ್ಪ ಗಂಡಸನ್ನೇ ಮೊದಲು ದಾಟಿಸಿ, ಆಚೆ ಬರುವವರ ಕೈ ಹಿಡಿದುಕೊಳ್ಳುವ ಕೆಲಸ ಅವನಿಗೆ ಕೊಟ್ಟ. ಹೆಡ್‌ಮಿಸ್ಟ್ರೆಸ್ಸಿಗೆ, "ಅಮ್ಮಾ, ನೀಂಗ ಎಣ್ಣುಂಗ" ಎಂದು ತನಗೆ ಬರುತ್ತಿದ್ದ ಅಷ್ಟು ತಮಿಳಿನಲ್ಲಿ ಲೆಕ್ಕ ಹಾಕಲು ಹೇಳಿದ. ಮುದುಕರನ್ನು ಮಂಚಕ್ಕೆ ಕಟ್ಟಿ ಕೊನೆಗೆ ದಾಟಿಸಿದ. ಅದಾದ ಹದಿನೈದು ನಿಮಿಷಕ್ಕೆ ಗೋಡೆ ಬಿತ್ತು.

ಎರಡು ದಿನ ಬಿಟ್ಟು, ತಂಗರಾಜ್ ಸಾಬ್ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ, ಮೇಜರು ನಮ್ಮನ್ನು ಸುತ್ತ ಕೂರಿಸಿದರು. ಮೊದಲು ಎದ್ದವನು ಮಹದೇವ. "ಗ್ವಾಡೆ ಬಿರುಕ್ ಬುಟ್ಟಿತ್ತು ಸಾರ್. ದಾಟಿಸ್ದೆ. ಬಾಗ್ಲು ಎರಡು ಹಾಳಾದೊ, ಮನೆಯೋರ್ಗೆ ಒಂದ್ ಮಾತ್ ಹೇಳ್ಬೇಕು" ಎಂದು ಕೂತ. ಕೊನೆಗೆ ನನ್ನ ಸರದಿ. ತೇಪೆಯ ಅಂಟು ಒಣಗಿಸಲು ಏನು ಬೇಕು, ವೈರ್‌ಲೆಸ್ ಸೆಟ್ಟಿಗೆ ಎಂಥ ಚೀಲ ಬೇಕು ಎಂದೆಲ್ಲ ಹೇಳಿದೆ.

"ಅಷ್ಟುತಾನಾ ಬಾಬು?" ಎಂದರು ಮೇಜರು.

"ಅಷ್ಟೇ ಸರ್."

ಅವರು ಇನ್ನೊಂದು ಗಳಿಗೆ ಕಾದರು. ಆಮೇಲೆ ಎದ್ದರು.

ಮೊನ್ನೆ ಸ್ಕೂಟರಿನ ಹೊಗೆ ಕುಡಿದ ದಿನ ಸಂಜೆ ಮನೆಗೆ ಬಂದವನೇ ಮಹದೇವನ ನಂಬರು ಹುಡುಕಿ ಫೋನು ಮಾಡಿದೆ. ಅವನು ಈಗ ಊರಿನಲ್ಲಿದ್ದಾನೆ. ನಾಯಬ್ ಸುಬೇದಾರನಾಗಿ ನಿವೃತ್ತನಾದ, ನನಗಿಂತ ಒಂದು ಮೆಟ್ಟಿಲು ಮೇಲೆ. "ನಮಸ್ಕಾರ ಸುಬೇದಾರ್ ಸಾಬ್" ಎಂದೆ.

"ಸುಮ್ಕಿರಿ ಸಾರ್" ಎಂದು ನಕ್ಕ. ಊರು, ಮಕ್ಕಳು, ಮಂಡಿನೋವು ಎಲ್ಲ ಆದ ಮೇಲೆ ಆ ಮಳೆಯ ದಿನದ ಮಾತು ಬಂತು. ಮಹದೇವ ಹೇಳಿದ: "ನೀವ್ ಒಂದ್ ಸಲನೂ ತಿರುಗಿ ನೋಡ್ನಿಲ್ಲ ಸಾರ್. ದೋಣಿ ಆ ಬೀದಿ ತಿರುಗೋ ಗಂಟ ನಾನ್ ನೋಡ್ತಾನೇ ಇದ್ದೆ. ಸಾರು ತಿರುಗ್ನಿಲ್ಲ ಅಂದ್ರೆ, ಇವ್ನು ಮಾಡ್ತಾನೆ ಅಂತ ನಂಬವ್ರೆ ಅಂದ್ಕಂಡೆ. ಧೈರ್ಯ ಬಂದ್ಬುಡ್ತು. ಆಮ್ಯಾಕೆ ನಾನೂ ಅಂಗೇ ಮಾಡ್ದೆ. ನನ್ ಕೈಕೆಳ್ಗಿನ್ ಹುಡುಗ್ರುನ್ನ ಎಲ್ಲಾದ್ರೂ ನಿಲ್ಸಿ ಹೊಂಟ್ರೆ ತಿರುಗಿ ನೋಡ್ತಿರ್ನಿಲ್ಲ."

ಒಬ್ಬ ಮನುಷ್ಯ ತನ್ನ ಇಡೀ ನೌಕರಿಯನ್ನು ಯಾವುದರ ಮೇಲೆ ಕಟ್ಟಿಕೊಂಡಿದ್ದ! ಸುಮ್ಮನಿದ್ದುಬಿಡಬಹುದಿತ್ತು. ಅಂದು ಮೇಜರ ಮುಂದೆ ಸುಮ್ಮನಿದ್ದಂತೆ.

"ಮಹದೇವ, ನಿನ್ನ ನಂಬಿ ಅಲ್ಲಪ್ಪ. ಭಯ ಆಗಿತ್ತು ಕನ. ತಿರುಗಿ ನಿನ್ನ ಮಕ ನೋಡಿದ್ರೆ ನಿನ್ನ ಇಳಿಸ್ಕಂಡು, ಅವರ್ನೆಲ್ಲ ಬಿಟ್ಟು ಬಂದ್ಬುಡ್ತಿದ್ದೆ. ಅದ್ಕೇ ನೋಡ್ನಿಲ್ಲ."

ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಗೊತ್ತು ಸಾರ್" ಎಂದ ಮಹದೇವ ಮೆಲ್ಲಗೆ. "ಮೊದಲ್ನೇ ಸಲ ನನ್ ಹುಡುಗುನ್ನ ಒಂದ್ ಕಡೆ ನಿಲ್ಸಿ, ತಿರುಗಿ ನೋಡ್ದಂಗೆ ನಡುದ್ನಲ್ಲ, ಅವತ್ತೇ ಗೊತ್ತಾಯ್ತು."

ನಾನು ಫೋನು ಹಿಡಿದುಕೊಂಡೇ ಕೂತಿದ್ದೆ. ಒಳಗಿನಿಂದ ಹೆಂಡತಿ, "ಅಷ್ಟೊತ್ತಿಂದ ಯಾರ್ರೀ ಅದು?" ಎಂದಳು.

"ನಮ್ಮ ಸಾಹೇಬ್ರು" ಎಂದೆ.